ಮಿನುಗುವ ದೀಪವೋ, ಅಕ್ಷರ ತೋರುವ ತೆರೆಯೋ: ಮನೆಯ ಸೌಂಡ್ ಸಿಸ್ಟಮ್ಮನ್ನು ಡಿಸ್‌ಪ್ಲೇ, ಗುಂಡಿ ನೋಡಿ ಆರಿಸುವ ಬಗೆ

ಸೌಂಡ್ ಸಿಸ್ಟಮ್ ಕೊಳ್ಳಲು ಹೊರಟವರು ಮೊದಲು ಕೇಳುವುದು ವ್ಯಾಟ್ ಎಷ್ಟೆಂದು, ಆಮೇಲೆ ಸ್ಪೀಕರ್ ಎಷ್ಟೆಂದು. ಮನೆಗೆ ಬಂದ ಮೇಲೆ ಈ ಎರಡು ಅಂಕಿಗಳೂ ಖಾಲಿ ಡಬ್ಬದ ಜೊತೆ ಅಟ್ಟ ಸೇರುತ್ತವೆ. ದಿನವೂ ಕೈಗೆ ಸಿಗುವುದು ಗುಂಡಿ, ಕಣ್ಣಿಗೆ ಬೀಳುವುದು ಡಿಸ್‌ಪ್ಲೇ. ಮಾತು ಸರಿಯಾಗಿ ಕೇಳುತ್ತಿಲ್ಲ, ತುಟಿಗೂ ದನಿಗೂ ತಾಳೆಯಾಗುತ್ತಿಲ್ಲ, ಹಿಂದಿನ ಸ್ಪೀಕರ್ ಉಸಿರೆತ್ತುತ್ತಿಲ್ಲ ಎಂದಾಗ ತಪ್ಪು ಎಲ್ಲಿದೆಯೆಂದು ಯಂತ್ರವೇ ಹೇಳಿದರೆ ಎರಡು ನಿಮಿಷದ ಕೆಲಸ. ಹೇಳದಿದ್ದರೆ ಒಂದೊಂದೇ ಕೇಬಲ್ ಕಿತ್ತು ಹಾಕುತ್ತ ಕೂರಬೇಕು. ಇಲ್ಲಿ ಸಿಸ್ಟಮ್‌ಗಳನ್ನು ಹೋಲಿಸಿರುವುದು ಈ ಲೆಕ್ಕದಲ್ಲೇ: ಒಳಗೆ ನಡೆಯುತ್ತಿರುವುದನ್ನು ಯಾವುದು ಎಷ್ಟು ಬಿಚ್ಚಿ ತೋರಿಸುತ್ತದೆ, ತಿದ್ದಲು ಎಷ್ಟು ಸಲೀಸಾಗಿ ಬಿಡುತ್ತದೆ.

ಡಿಸ್‌ಪ್ಲೇ ಯಾವುದೇ ಇರಲಿ, ಮೂರು ಪ್ರಶ್ನೆಗೆ ಅದು ಉತ್ತರ ಕೊಡಬೇಕು. ಸದ್ದು ಯಾವ ದಾರಿಯಿಂದ ಬರುತ್ತಿದೆ, ಅಂದರೆ ಇನ್‌ಪುಟ್ ಯಾವುದು? ಯಾವ ರೂಪದಲ್ಲಿ ಬರುತ್ತಿದೆ, ಅಂದರೆ ಎರಡು ಚಾನಲ್‌ನ (ಚಾನಲ್ ಎಂದರೆ ಒಂದು ಸ್ಪೀಕರ್‌ಗೆಂದು ಬೇರೆಯಾಗಿ ಬರುವ ಸದ್ದು) ಪಿಸಿಎಂ ಎಂಬ ಕುಗ್ಗಿಸದ ಡಿಜಿಟಲ್ ಸದ್ದಾಗಿಯೋ, ಹಲವು ಚಾನಲ್ಲನ್ನು ಒಟ್ಟಿಗೆ ಕಟ್ಟಿ ಕಳಿಸುವ ಡಾಲ್ಬಿ ಅಥವಾ ಡಿಟಿಎಸ್ ಆಗಿಯೋ? ಬಂದದ್ದನ್ನು ಯಂತ್ರ ಏನು ಮಾಡುತ್ತಿದೆ, ಅಂದರೆ ಸೌಂಡ್ ಮೋಡ್ ಯಾವುದು? ಬಹುತೇಕ ಎಲ್ಲ ಸಿಸ್ಟಮ್‌ಗಳೂ ಮೊದಲನೆಯದನ್ನು ಹೇಳುತ್ತವೆ. ಎರಡನೆಯದರಲ್ಲೇ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಐದು ಬಗೆಯ ಮುಖಗಳು

ಬರೀ ದೀಪಗಳ ಸೌಂಡ್‌ಬಾರ್. ಮುಂಭಾಗದಲ್ಲಿ ಮೂರರಿಂದ ಐದು ಎಲ್‌ಇಡಿ ಚುಕ್ಕೆಗಳು, ಅಷ್ಟೇ. ಒಂದೇ ಚುಕ್ಕೆಸಾಲು ಹಲವು ಕೆಲಸ ಮಾಡುತ್ತದೆ. ಬಣ್ಣ ಇನ್‌ಪುಟ್ ಹೇಳುತ್ತದೆ, ವಾಲ್ಯೂಮ್ ಒತ್ತಿದಾಗ ಅದೇ ಸಾಲು ಎರಡು ಮೂರು ಸೆಕೆಂಡ್ ಏರಿಳಿದು ಮತ್ತೆ ಹಳೆಯ ಬಣ್ಣಕ್ಕೆ ಮರಳುತ್ತದೆ. ನೀಲಿ ದೀಪ ಬೇಗ ಬೇಗ ಮಿನುಗಿದರೆ ಬ್ಲೂಟೂತ್ ಪೇರಿಂಗ್‌ಗೆ ಕಾಯುತ್ತಿದೆ ಎಂಬುದು ಸಾಮಾನ್ಯವಾಗಿ ಎಲ್ಲ ಕಡೆಯೂ ನಿಜ. ಉಳಿದ ಬಣ್ಣಗಳ ಭಾಷೆ ಒಬ್ಬೊಬ್ಬ ತಯಾರಕರದು ಒಂದೊಂದು. ಒಂದರಲ್ಲಿ ಬಿಳಿ ಎಂದರೆ ಟಿವಿ, ಇನ್ನೊಂದರಲ್ಲಿ ಬಿಳಿ ಎಂದರೆ ಡಾಲ್ಬಿ. ಕೈಪಿಡಿಯ ಆ ಒಂದು ಪುಟದ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳದಿದ್ದರೆ ಆರು ತಿಂಗಳಲ್ಲಿ ಎಲ್ಲ ಮರೆತಿರುತ್ತದೆ. ಸದ್ದಿನ ರೂಪವನ್ನು ಇವು ಹೇಳುವುದು ಅಪರೂಪ; ಹೇಳಿದರೂ ಡಾಲ್ಬಿ ಇದೆ ಅಥವಾ ಇಲ್ಲ ಎನ್ನುವಷ್ಟಕ್ಕೆ ನಿಲ್ಲುತ್ತದೆ.

ಇದರದೇ ಇನ್ನೊಂದು ಕವಲು ಆ್ಯಪ್ ನೆಚ್ಚಿಕೊಂಡ ಸೌಂಡ್‌ಬಾರ್. ಸೋನೋಸ್ ಬಾರ್‌ಗಳಿಗೆ ಡಿಸ್‌ಪ್ಲೇಯೂ ಇಲ್ಲ, ತಮ್ಮದೇ ರಿಮೋಟೂ ಇಲ್ಲ. ವಾಲ್ಯೂಮ್ ಟಿವಿ ರಿಮೋಟಿನಿಂದ, ಉಳಿದದ್ದೆಲ್ಲ ಫೋನಿನಿಂದ. ಫೋನಿನ ತೆರೆ ದೊಡ್ಡದು, ಅಕ್ಷರ ಸ್ಪಷ್ಟ, ಸದ್ದು ಯಾವ ರೂಪದಲ್ಲಿ ಬರುತ್ತಿದೆಯೆಂದು ಅಲ್ಲೇ ಓದಬಹುದು. ಆದರೆ ಆ ಫೋನ್ ಮನೆಯಲ್ಲಿ ಇಲ್ಲದಾಗ ಉಳಿದವರು ಬಾಸ್ ತಗ್ಗಿಸಲೂ ಪರದಾಡಬೇಕು. ವಯಸ್ಸಾದವರು ಹೆಚ್ಚು ಬಳಸುವ ಮನೆಗೆ ಈ ಬಗೆಯನ್ನು ಎರಡು ಸಲ ಯೋಚಿಸಿ ಕೊಳ್ಳಿ.

ನಾಲ್ಕಾರು ಅಕ್ಷರ ತೋರಿಸುವ ಸೌಂಡ್‌ಬಾರ್. ಜಾಲರಿಯ ಹಿಂದೆ ಪುಟ್ಟ ಡಿಸ್‌ಪ್ಲೇ ಇರುತ್ತದೆ. "ಬಿಟಿ" ಎಂದರೆ ಬ್ಲೂಟೂತ್, "ಡಿ.ಇನ್" ಎಂದರೆ ಡಿಜಿಟಲ್ ಇನ್‌ಪುಟ್ (ಹಲವು ಸಲ ಟಿವಿಯಿಂದ ಬರುವ ದನಿಯೂ ಇದೇ ಹೆಸರಲ್ಲಿ ಬರುತ್ತದೆ), "ಟಿವಿ ಆರ್ಕ್" ಅಥವಾ "ಇ-ಆರ್ಕ್" ಎಂದರೆ ಟಿವಿಯ ದನಿ ಎಚ್‌ಡಿಎಂಐ ಕೇಬಲ್ಲಿನಲ್ಲೇ ಸೌಂಡ್ ಸಿಸ್ಟಮ್‌ಗೆ ಮರಳಿ ಬರುವ ದಾರಿ (ಇ-ಆರ್ಕ್ ಅದರ ಹೊಸ ರೂಪ). ಉದ್ದದ ಪದ ಎಡಕ್ಕೆ ಹರಿಯುತ್ತ ಹೋಗುತ್ತದೆ, ಕೆಲವು ಸೆಕೆಂಡಿನಲ್ಲಿ ಡಿಸ್‌ಪ್ಲೇ ತಾನೇ ಆರುತ್ತದೆ. ಸಿನಿಮಾ ಶುರುವಾದ ಕ್ಷಣ ಫಾರ್ಮ್ಯಾಟ್ ಹೆಸರು ಒಮ್ಮೆ ಹರಿದು ಮಾಯವಾದರೆ ಮತ್ತೆ ನೋಡಲು ಯಾವ ಗುಂಡಿ ಒತ್ತಬೇಕೆಂದು ತಿಳಿದಿರಬೇಕು. ಹೆಚ್ಚಿನವುಗಳಲ್ಲಿ ಅದು ಇನ್ಫೋ ಗುಂಡಿ, ಇಲ್ಲವೇ ಯಾವುದೋ ಒಂದನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯುವ ಉಪಾಯ. ಇದಕ್ಕಿಂತ ಮುಖ್ಯ ಡಿಸ್‌ಪ್ಲೇ ಇರುವ ಜಾಗ. ಕೆಲವು ಬಾರ್‌ಗಳಲ್ಲಿ ಅದು ಮೇಲ್ಮೈ ಮೇಲಿದೆ. ಸೋಫಾದಲ್ಲಿ ಕೂತವರಿಗೆ ಅದು ಇದ್ದೂ ಇಲ್ಲದಂತೆ.

ಎವಿ ರಿಸೀವರ್, ಅಂದರೆ ಎಲ್ಲ ಸಾಮಾನಿನ ಸದ್ದನ್ನು ಒಂದೆಡೆ ತೆಗೆದುಕೊಂಡು ಬೇರೆ ಬೇರೆ ಸ್ಪೀಕರ್‌ಗಳಿಗೆ ಹಂಚುವ ಯಂತ್ರ. ಅಗಲವಾದ ಡಿಸ್‌ಪ್ಲೇ, ಜೊತೆಗೆ ಟಿವಿ ತೆರೆಯ ಮೇಲೆ ಮೂಡುವ ಮೆನು. ಮೂರೂ ಪ್ರಶ್ನೆಗೆ ಏಕಕಾಲಕ್ಕೆ ಉತ್ತರ ಕೊಡುವುದು ಇದೊಂದೇ. ಮಧ್ಯದಲ್ಲಿ ಇನ್‌ಪುಟ್ ಹೆಸರು, ಪಕ್ಕದಲ್ಲಿ ಡಾಲ್ಬಿ, ಡಿಟಿಎಸ್, ಪಿಸಿಎಂ ಗುರುತು, ಒಂದು ಮೂಲೆಯಲ್ಲಿ ಸ್ಪೀಕರ್‌ಗಳ ನಕ್ಷೆ. ಆ ನಕ್ಷೆಯನ್ನು ಹೆಚ್ಚಿನವರು ಅಲಂಕಾರವೆಂದುಕೊಳ್ಳುತ್ತಾರೆ. ಹಲವು ಮಾದರಿಗಳಲ್ಲಿ ಅಕ್ಷರಗಳು ಒಳಬರುತ್ತಿರುವ ಚಾನಲ್‌ಗಳನ್ನು, ಸುತ್ತಲಿನ ಚೌಕಗಳು ಸದ್ದು ಹೊರಡುತ್ತಿರುವ ಸ್ಪೀಕರ್‌ಗಳನ್ನು ತೋರಿಸುತ್ತವೆ. ಚೌಕ ಐದು ಬೆಳಗಿ ಅಕ್ಷರ ಎರಡೇ ಕಂಡರೆ ಬಂದಿರುವುದು ಎರಡೇ ಚಾನಲ್, ಉಳಿದ ಮೂರನ್ನು ರಿಸೀವರ್ ತಾನೇ ಹುಟ್ಟಿಸುತ್ತಿದೆ. ಈ ಒಂದು ಸುಳಿವು ಎಷ್ಟು ತಲೆನೋವು ಉಳಿಸುತ್ತದೆಂದು ಮುಂದೆ ನೋಡೋಣ.

ಮಿನಿ ಸಿಸ್ಟಮ್, ಪಾರ್ಟಿ ಸ್ಪೀಕರ್. ಇವುಗಳ ಡಿಸ್‌ಪ್ಲೇ ಎಲ್ಲಕ್ಕಿಂತ ಜೋರು, ಹೇಳುವುದು ಎಲ್ಲಕ್ಕಿಂತ ಕಡಿಮೆ. ಕುಣಿಯುವ ಪಟ್ಟಿಗಳು ನೋಡಲು ಚೆಂದ, ಅವುಗಳಿಂದ ತಿದ್ದಬಹುದಾದದ್ದು ಏನೂ ಇಲ್ಲ. ಉಪಯೋಗಕ್ಕೆ ಬರುವುದು ಯುಎಸ್‌ಬಿಯ ಫೋಲ್ಡರ್ ಮತ್ತು ಹಾಡಿನ ಸಂಖ್ಯೆ, ರೇಡಿಯೊ ಆವರ್ತನ, ಗಡಿಯಾರ. ಸಿನಿಮಾ ನೋಡಲು ಇದನ್ನು ಕೊಳ್ಳಬೇಡಿ. ಹಾಡು, ರೇಡಿಯೊ, ಕೂಟಕ್ಕಾದರೆ ಗುಂಡಿಗಳು ಮುಂದೆಯೇ ಇರುವುದರಿಂದ ಇದರಷ್ಟು ಸುಲಭ ಇನ್ನೊಂದಿಲ್ಲ.

ಕೊನೆಯದು ಎರಡು ಚಾನಲ್‌ನ ಸ್ಟೀರಿಯೊ ಆಂಪ್. ಅನೇಕದರಲ್ಲಿ ಡಿಸ್‌ಪ್ಲೇಯೇ ಇಲ್ಲ, ಇದ್ದರೂ ಸಣ್ಣದು. ಆದರೆ ನಾಬ್ ಮೇಲಿನ ಬಿಳಿ ಗೆರೆ ಕೋಣೆಯ ಆಚೆ ತುದಿಯಿಂದಲೂ ವಾಲ್ಯೂಮ್ ಹೇಳುತ್ತದೆ, ಇನ್‌ಪುಟ್ ನಾಬ್ ಯಾವ ಹೆಸರಿಗೆ ಮುಖಮಾಡಿದೆಯೋ ಅದೇ ಇನ್‌ಪುಟ್. ಡಿಸ್‌ಪ್ಲೇ ಕೆಟ್ಟುಹೋಗುವ ಪ್ರಶ್ನೆಯೇ ಇಲ್ಲದ ಡಿಸ್‌ಪ್ಲೇ ಇದು! ತುದಿಯಿಲ್ಲದೆ ಸುತ್ತುತ್ತಲೇ ಹೋಗುವ ನಾಬ್ ಆದರೆ ಈ ಅನುಕೂಲ ಇಲ್ಲ. ಅದು ಒಳಗಿನ ಚಿಪ್‌ಗೆ ಹೆಚ್ಚು, ಕಡಿಮೆ ಎಂದು ಹೇಳುತ್ತದೆಯೇ ಹೊರತು ತಾನು ಎಲ್ಲಿದ್ದೇನೆಂದು ಹೇಳುವುದಿಲ್ಲ. ಕೊಳ್ಳುವ ಮುನ್ನ ತಿರುಗಿಸಿ ನೋಡಿ, ಎರಡೂ ಕೊನೆಯಲ್ಲಿ ನಿಲ್ಲುತ್ತದೆಯೇ ಎಂದು.

ಪಿಸಿಎಂ ಎಂಬ ಮೂರಕ್ಷರ

5.1 ಸಿಸ್ಟಮ್ (ಐದು ಸ್ಪೀಕರ್, ಬಾಸ್‌ಗೆಂದೇ ಒಂದು ಸಬ್‌ವೂಫರ್) ತಂದು, ಹಿಂದಿನ ಸ್ಪೀಕರ್ ಜೋಡಿಸಿ, ಟಿವಿಗೆ ಎಚ್‌ಡಿಎಂಐ ಹಾಕಿ, ಸಿನಿಮಾ ಹಚ್ಚಿದರೆ ಡಿಸ್‌ಪ್ಲೇಯಲ್ಲಿ ಪಿಸಿಎಂ ಎಂದು ಬರುತ್ತದೆ. ಸದ್ದು ಬರುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ನಿಜವಾಗಿ ಟಿವಿ ಆರು ಚಾನಲ್‌ಗಳನ್ನು ಎರಡಕ್ಕೆ ಮಡಚಿ ಕಳಿಸುತ್ತಿದೆ. ಕಾರಣ ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಎಂದಿರುವುದು. ಅದನ್ನು ಆಟೊ, ಬಿಟ್‌ಸ್ಟ್ರೀಮ್ ಅಥವಾ ಪಾಸ್-ಥ್ರೂ (ಬಂದ ಸದ್ದನ್ನು ಟಿವಿ ಬಿಚ್ಚದೆ ಹಾಗೇ ದಾಟಿಸುವ ಆಯ್ಕೆಗಳು) ಮಾಡಿದರೆ ಡಿಸ್‌ಪ್ಲೇಯಲ್ಲಿ ಡಾಲ್ಬಿ ಎಂದು ಬದಲಾಗುತ್ತದೆ. ರಿಸೀವರ್ ಇದ್ದವರಿಗೆ ಇದು ಒಂದು ನೋಟದಲ್ಲಿ ಗೊತ್ತಾಗುತ್ತದೆ. ನಾಲ್ಕಕ್ಷರದ ಬಾರ್ ಇದ್ದವರಿಗೆ ಇನ್ಫೋ ಒತ್ತಿದರೆ ಗೊತ್ತಾಗುತ್ತದೆ. ದೀಪದ ಬಾರ್ ಇದ್ದವರು ವರ್ಷಗಟ್ಟಲೆ ಎರಡೇ ಚಾನಲ್ ಕೇಳುತ್ತ "ಸರೌಂಡ್ ಅಂದರೆ ಇಷ್ಟೇ ಏನೋ" ಅಂದುಕೊಂಡಿರುತ್ತಾರೆ. ಅಪ್‌ಮಿಕ್ಸ್ ಮೋಡ್‌ಗಳಾದ ಡಾಲ್ಬಿ ಸರೌಂಡ್, ನ್ಯೂರಲ್ ಎಕ್ಸ್ ಇತ್ಯಾದಿ ಎರಡು ಚಾನಲ್ಲನ್ನೂ ಎಲ್ಲ ಸ್ಪೀಕರ್‌ಗೆ ಹರಡುವುದರಿಂದ ಹಿಂದಿನ ಸ್ಪೀಕರ್‌ಗೆ ಕಿವಿಯಿಟ್ಟು ಪರೀಕ್ಷಿಸಿದರೂ ಮೋಸ ಹೋಗುತ್ತೇವೆ.

ಫಾರ್ಮ್ಯಾಟ್ ಹೆಸರು ಕಂಡ ಮೇಲೆ ಅದು ದಾರಿಗೆ ತಕ್ಕದ್ದೇ ಎಂದು ತಿಳಿಯಲು ದಾರಿಗಳ ತಾಕತ್ತು ಗೊತ್ತಿರಬೇಕು. ಆಪ್ಟಿಕಲ್ ಕೇಬಲ್ ಎರಡು ಚಾನಲ್‌ನ ಪಿಸಿಎಂ, ಇಲ್ಲವೇ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್‌ನ 5.1 ಒಯ್ಯುತ್ತದೆ, ಅದಕ್ಕಿಂತ ಮೇಲಿನದಿಲ್ಲ. ತಲೆಯ ಮೇಲಿನಿಂದಲೂ ಸದ್ದು ಬರುವಂತೆ ಮಾಡುವ ಡಾಲ್ಬಿಯ ಆಟ್‌ಮಾಸ್ ಅದರಲ್ಲಿ ಎಂದೂ ಬರುವುದಿಲ್ಲ, ಎಷ್ಟು ದುಬಾರಿ ಕೇಬಲ್ ಹಾಕಿದರೂ. ಆರ್ಕ್ 2009ರ ಎಚ್‌ಡಿಎಂಐ 1.4 ಜೊತೆ ಬಂದದ್ದು. ಸುಮಾರು 1 ಮೆಗಾಬಿಟ್ ವೇಗದ ಈ ದಾರಿಯಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಹೋಗುವುದರಿಂದ ಸ್ಟ್ರೀಮಿಂಗ್ ಆ್ಯಪ್‌ಗಳ ಆಟ್‌ಮಾಸ್ ಬರಬಹುದು, ಟಿವಿ ಅದನ್ನು ಬಿಟ್ಟುಕೊಟ್ಟರೆ. 2017ರ ಎಚ್‌ಡಿಎಂಐ 2.1ರಲ್ಲಿ ಬಂದ ಇ-ಆರ್ಕ್ 37 ಮೆಗಾಬಿಟ್‌ವರೆಗೆ ಒಯ್ಯುತ್ತದೆ. ಬ್ಲೂ-ರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ, ಗೇಮ್ ಕನ್ಸೋಲಿನ ಬಹುಚಾನಲ್ ಪಿಸಿಎಂ ಟಿವಿಯ ಮೂಲಕ ಬರಬೇಕಾದರೆ ಇದೇ ಬೇಕು. ಹಾಗಾಗಿ "ಇ-ಆರ್ಕ್" ಎಂದು ಡಿಸ್‌ಪ್ಲೇ ಬೇರೆಯಾಗಿ ತೋರಿಸುವ ಬಾರ್, ಎರಡಕ್ಕೂ ಬರೀ "ಟಿವಿ" ಎನ್ನುವ ಬಾರ್‌ಗಿಂತ ಒಂದು ಮೆಟ್ಟಿಲು ಮೇಲು.

ಎರಡೂ ಬದಿಯಲ್ಲಿ ಇ-ಆರ್ಕ್ ಇದ್ದೂ ಆರ್ಕ್ ಎಂದೇ ಬರುತ್ತಿದ್ದರೆ ಮೊದಲು ಟಿವಿಯ ಮೆನುವಿನಲ್ಲಿ ಅದನ್ನು ಆನ್ ಮಾಡಿದ್ದೀರಾ ನೋಡಿ, ಆಮೇಲೆ ಕೇಬಲ್ ಬದಲಿಸಿ. ಎಥರ್ನೆಟ್ ತಂತಿಯಿಲ್ಲದ ಹಳೆಯ ಎಚ್‌ಡಿಎಂಐ ಕೇಬಲ್ ಇಲ್ಲಿ ಕೈಕೊಡಬಹುದು. ಏನೂ ಸದ್ದೇ ಬರದಿದ್ದರೆ ಟಿವಿಯ ತಪ್ಪು ಪೋರ್ಟಿಗೆ ಹಾಕಿರುತ್ತೀರಿ. ಆರ್ಕ್ ಎಂಬ ಬರಹ ಸಾಮಾನ್ಯವಾಗಿ ಒಂದೇ ಪೋರ್ಟಿನ ಪಕ್ಕ ಇರುತ್ತದೆ. ಜೊತೆಗೆ ಎಚ್‌ಡಿಎಂಐ ಕೇಬಲ್ ಮೂಲಕ ಯಂತ್ರಗಳು ಒಂದಕ್ಕೊಂದು ಅಪ್ಪಣೆ ಕಳಿಸುವ ಸಿಇಸಿ ಆನ್ ಆಗಿರಬೇಕು. ಈ ಸಿಇಸಿಯನ್ನು ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್, ಎಲ್‌ಜಿ ಸಿಂಪ್‌ಲಿಂಕ್, ಪ್ಯಾನಸಾನಿಕ್ ವಿಯೆರಾ ಲಿಂಕ್. ಹೆಸರು ನಾಲ್ಕು, ಸಾಮಾನು ಒಂದೇ.

ವಾಲ್ಯೂಮ್ ಅಂಕಿ ಏಕೆ ಮೈನಸ್ಸಿನಲ್ಲಿರುತ್ತದೆ

ಸೌಂಡ್‌ಬಾರ್‌ನಲ್ಲಿ 0ಯಿಂದ 30, 50 ಅಥವಾ 100. ರಿಸೀವರ್‌ನಲ್ಲಿ −42.5 ಡೆಸಿಬೆಲ್ ಎಂದು ಕಂಡು, ಕೊಂಡವರು ಗಾಬರಿಯಾಗುವುದುಂಟು. ಅಲ್ಲಿ ಸೊನ್ನೆ ಎಂದರೆ ಮೌನವಲ್ಲ, ಸಿನಿಮಾ ಮಂದಿರದ ಅಳತೆಯ ಜೋರು. ಮೈಕ್ ಇಟ್ಟು ಅಳತೆ ಸರಿಮಾಡಿದ ಸಿಸ್ಟಮ್‌ನಲ್ಲಿ 0 ಎಂದರೆ ಒಂದು ಚಾನಲ್‌ನ ಅತಿ ಜೋರಿನ ಕ್ಷಣ 105 ಡೆಸಿಬೆಲ್, ಸಬ್‌ವೂಫರ್‌ನ ವಿಶೇಷ ಚಾನಲ್‌ಗೆ 115. ಮನೆಯಲ್ಲಿ ಅಷ್ಟು ಸದ್ದು ಯಾರಿಗೂ ಬೇಡ; −35ರಿಂದ −15ರ ಒಳಗೆ ಸಿನಿಮಾ ಮುಗಿಯುತ್ತದೆ. ಮೈನಸ್ ಇಷ್ಟವಿಲ್ಲದವರಿಗೆ ಮೆನುವಿನಲ್ಲಿ ಬೇರೆ ಅಳತೆಪಟ್ಟಿ ಇರುತ್ತದೆ. ಡೆನಾನ್ ರಿಸೀವರ್‌ಗಳಲ್ಲಿ 0ಯಿಂದ 98, ಅದರಲ್ಲಿ 80 ಎಂದರೆ ಹಳೆಯ 0 ಡೆಸಿಬೆಲ್. ಯಮಾಹಾದಲ್ಲಿ ಡೆಸಿಬೆಲ್ ಪಟ್ಟಿ −80.5ರಿಂದ +16.5ರವರೆಗೆ ಹೋಗುತ್ತದೆ.

ಡೆಸಿಬೆಲ್ ಪಟ್ಟಿಯ ದೊಡ್ಡ ಲಾಭ ಪ್ರತಿ ಹೆಜ್ಜೆಗೂ ಅರ್ಥವಿರುವುದು. 10 ಏರಿಸಿದರೆ ಕಿವಿಗೆ ಸುಮಾರು ಎರಡರಷ್ಟು ಜೋರು, ಆಂಪ್‌ಗೆ ಹತ್ತುಪಟ್ಟು ಶಕ್ತಿಯ ಹೊರೆ. 3 ಏರಿಸಿದರೆ ಶಕ್ತಿ ಎರಡರಷ್ಟು, ಕಿವಿಗೆ ಮಾತ್ರ ತುಸುವೇ ಬದಲಾವಣೆ. ಡಬ್ಬದ ಮೇಲೆ 100 ವ್ಯಾಟ್ ಬದಲು 200 ವ್ಯಾಟ್ ಬರೆದಿದ್ದರೆ ಸಿಕ್ಕುವುದು ಆ 3 ಡೆಸಿಬೆಲ್ ಅಷ್ಟೇ.

ಸೌಂಡ್‌ಬಾರ್‌ಗಳನ್ನು ಹೋಲಿಸುವಾಗ ವಾಲ್ಯೂಮ್‌ಗೆ ಎಷ್ಟು ಹೆಜ್ಜೆ ಇದೆಯೆಂದು ಎಣಿಸಿ. ಒಟ್ಟು 20–30 ಹೆಜ್ಜೆಯ ಬಾರ್‌ನಲ್ಲಿ ರಾತ್ರಿ ಹೊತ್ತು 3ಕ್ಕಿಟ್ಟರೆ ಕೇಳುವುದಿಲ್ಲ, 4ಕ್ಕಿಟ್ಟರೆ ಮಗು ಏಳುತ್ತದೆ. 100 ಹೆಜ್ಜೆಯದರಲ್ಲಿ, ಅಥವಾ ಅರ್ಧ ಡೆಸಿಬೆಲ್‌ಗೊಂದು ಹೆಜ್ಜೆಯಿರುವ ರಿಸೀವರ್‌ನಲ್ಲಿ ಈ ಪಾಡಿಲ್ಲ. ದೀಪ ಮಾತ್ರ ಇರುವ ಬಾರ್ ಅಂಕಿಯನ್ನೇ ತೋರಿಸದ ಕಾರಣ ನಿನ್ನೆ ಎಲ್ಲಿಟ್ಟಿದ್ದಿರಿ ಎಂಬುದು ನೆನಪಿನ ಪರೀಕ್ಷೆ.

ರಿಸೀವರ್‌ಗಳಲ್ಲಿ ಇನ್ನೆರಡು ಸೆಟ್ಟಿಂಗ್ ಇರುತ್ತವೆ, ಬಾರ್‌ಗಳಲ್ಲಿ ಕಡಿಮೆ: ವಾಲ್ಯೂಮ್ ಇದಕ್ಕಿಂತ ಮೇಲೆ ಹೋಗಬಾರದೆಂಬ ಮಿತಿ, ಆನ್ ಮಾಡಿದಾಗ ಎಷ್ಟರಿಂದ ಶುರುವಾಗಬೇಕೆಂಬ ಅಂಕಿ. ಚಿಕ್ಕ ಮಕ್ಕಳು ನಾಬ್ ತಿರುಗಿಸುವ ಮನೆಯಲ್ಲಿ ಮೊದಲ ದಿನವೇ ಇವೆರಡನ್ನೂ ಹಾಕಿಬಿಡಿ.

ಆಪ್ಟಿಕಲ್‌ನಲ್ಲಿ ಜೋಡಿಸಿದವರಿಗೆ ಒಂದು ಮಾತು. ಆ ಕೇಬಲ್ ಸದ್ದನ್ನಷ್ಟೇ ಒಯ್ಯುತ್ತದೆ, ವಾಲ್ಯೂಮ್ ಅಪ್ಪಣೆಯನ್ನಲ್ಲ. ಟಿವಿ ರಿಮೋಟಿನ ಗುಂಡಿ ಬಾರ್‌ಗೆ ತಲುಪಬೇಕಾದರೆ ಬಾರ್ ಆ ರಿಮೋಟಿನ ಇನ್‌ಫ್ರಾರೆಡ್ ಸಂಕೇತ ಕಲಿಯುವಂಥದ್ದಾಗಿರಬೇಕು, ಇಲ್ಲವಾದರೆ ಟೀಪಾಯಿ ಮೇಲೆ ಎರಡು ರಿಮೋಟ್ ಖಾಯಂ.

ಮಾತು ಕೇಳಿಸುವ ಗುಂಡಿಗಳು

ಹೆಚ್ಚು ದೂರು ಬರುವುದು ಇಲ್ಲೇ: ಹೊಡೆದಾಟ ಬಂದಾಗ ಮನೆ ನಡುಗುತ್ತದೆ, ಮಾತು ಬಂದಾಗ ಏನೂ ಕೇಳದು. 5.1 ಸದ್ದಿನಲ್ಲಿ ಮಾತಿನ ಬಹುಪಾಲು ಮಧ್ಯದ ಚಾನಲ್‌ನಲ್ಲಿರುತ್ತದೆ. ಅದನ್ನು ಮಾತ್ರ ಏರಿಸಲು ಬಿಡುವ ಸಿಸ್ಟಮ್ ಗೆದ್ದಂತೆ. ರಿಸೀವರ್‌ನಲ್ಲಿ ಚಾನಲ್ ಲೆವೆಲ್ ಎಂಬಲ್ಲಿ ಸೆಂಟರ್ ಅನ್ನು +2 ಅಥವಾ +3 ಡೆಸಿಬೆಲ್ ಮಾಡಿದರೆ ಬಹಳ ಸಲ ಸಾಕಾಗುತ್ತದೆ. ಮಧ್ಯಕ್ಕೆಂದೇ ಸ್ಪೀಕರ್ ಇರುವ 3.1 ಅಥವಾ 5.1 ಬಾರ್‌ಗಳಲ್ಲೂ ಸೆಂಟರ್ ಲೆವೆಲ್ ಸಿಗಬಹುದು. 2.1 ಬಾರ್‌ನಲ್ಲಿ ಮಧ್ಯದ ಸ್ಪೀಕರೇ ಇಲ್ಲ. ಅದರ ವಾಯ್ಸ್ ಅಥವಾ ಡೈಲಾಗ್ ಗುಂಡಿ ಮಾತಿನ ಆವರ್ತನಗಳನ್ನು ಎತ್ತಿ ಬಾಸ್ ತಗ್ಗಿಸುತ್ತದೆ. ಮಾತಿನ ಜೊತೆ ಅದೇ ಆವರ್ತನದ ಹಿನ್ನೆಲೆ ಸಂಗೀತವೂ ಏರುವುದರಿಂದ ಅರ್ಧ ಪರಿಹಾರ. ವಾರ್ತೆಗೆ ಚೆನ್ನ, ಸಿನಿಮಾಕ್ಕೆ ತೆಳು.

ನೈಟ್ ಮೋಡ್ ಬೇರೆಯೇ ಕೆಲಸ ಮಾಡುತ್ತದೆ: ಜೋರನ್ನು ಒತ್ತಿ, ಮೆಲ್ಲಗಿನದನ್ನು ಎತ್ತಿ ಎರಡರ ಅಂತರ ಕುಗ್ಗಿಸುತ್ತದೆ. ರಾತ್ರಿಗೆ ಇದೇ ಸರಿ. ಹಗಲಿನಲ್ಲಿ ಮರೆತು ಆನ್ ಬಿಟ್ಟರೆ ಸಿಸ್ಟಮ್‌ಗೆ ಜೀವವಿಲ್ಲದಂತೆ ಕೇಳುತ್ತದೆ. ಮೋಡ್ ಆನ್ ಇದೆಯೆಂದು ಡಿಸ್‌ಪ್ಲೇ ಸದಾ ತೋರಿಸದ ಯಂತ್ರಗಳಲ್ಲಿ ಈ ಮರೆವು ತಿಂಗಳುಗಟ್ಟಲೆ ನಡೆಯುತ್ತದೆ. ಹಳೆಯ ಸ್ಟೀರಿಯೊ ಆಂಪ್‌ಗಳ ಲೌಡ್‌ನೆಸ್ ಗುಂಡಿಯೂ ಮೆಲ್ಲಗೆ ಕೇಳುವಾಗಿನ ಬಳಕೆಗೇ. ಸದ್ದು ಕಡಿಮೆಯಾದಷ್ಟೂ ಕಿವಿಗೆ ಬಾಸ್ ಇನ್ನೂ ಕಡಿಮೆ ಕೇಳುತ್ತದೆಂದು ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಜೋರಾಗಿ ಹಾಕಿದಾಗಲೂ ಆ ಗುಂಡಿ ಒತ್ತಿಯೇ ಇದ್ದರೆ ಬಾಸ್ ಗುಮ್ಮೆನ್ನುತ್ತದೆ.

ಡೈರೆಕ್ಟ್, ಪ್ಯೂರ್ ಡೈರೆಕ್ಟ್ ಎಂಬ ಮೋಡ್‌ಗಳಲ್ಲಿ ಬಾಸ್, ಟ್ರೆಬಲ್ ಎಷ್ಟು ತಿರುಗಿಸಿದರೂ ಬದಲಾವಣೆ ಇಲ್ಲ, ಅವನ್ನು ಬಳಸದೆ ದಾಟಿ ಹೋಗುವುದೇ ಅವುಗಳ ಉದ್ದೇಶ. ಪ್ಯೂರ್ ಡೈರೆಕ್ಟ್ ಡಿಸ್‌ಪ್ಲೇಯನ್ನೂ ಆರಿಸುತ್ತದೆ. ರಿಸೀವರ್ ಸತ್ತಿತೆಂದು ರಿಪೇರಿಗೆ ಹೊರಡುವ ಮೊದಲು ಆ ಗುಂಡಿಯನ್ನೊಮ್ಮೆ ಒತ್ತಿ ನೋಡಿ.

ಸಬ್‌ವೂಫರ್‌ನ ಹಿಂದೆ ಇರುವ ನಾಬ್‌ಗಳನ್ನು ಯಾರೂ ನೋಡುವುದಿಲ್ಲ. ಬಾರ್‌ನ ಜೊತೆ ಬರುವ ವೈರ್‌ಲೆಸ್ ವೂಫರ್‌ಗೆ ಸಾಮಾನ್ಯವಾಗಿ ನಾಬ್ ಇರದು, ಒಂದು ದೀಪ ಇರುತ್ತದೆ: ಸ್ಥಿರವಾಗಿ ಉರಿದರೆ ಜೋಡಣೆಯಾಗಿದೆ, ಮಿನುಗುತ್ತಿದ್ದರೆ ಬಾರ್‌ಗಾಗಿ ಹುಡುಕುತ್ತಿದೆ. ರಿಸೀವರ್‌ನ ಜೊತೆ ಬಳಸುವ ಸಬ್‌ನಲ್ಲಿ ಮೂರು ಇವೆ. ಯಾವ ಆವರ್ತನದವರೆಗಿನ ಸದ್ದನ್ನು ಸಬ್ ನುಡಿಸಬೇಕೆಂದು ಹೇಳುವ ಕ್ರಾಸ್‌ಓವರ್ ನಾಬನ್ನು ಕೊನೆಯವರೆಗೆ ತಿರುಗಿಸಿ ಇಡಿ (ಎಲ್‌ಎಫ್‌ಇ ಎಂಬ ಸ್ಥಾನವಿದ್ದರೆ ಅದಕ್ಕೆ), ಏಕೆಂದರೆ ಆ ಕೆಲಸವನ್ನು ರಿಸೀವರ್ ಮಾಡುತ್ತದೆ. ಎರಡೂ ಕಡೆ ಸೋಸಿದರೆ ನಡುವೆ ತಗ್ಗು ಬೀಳುತ್ತದೆ. ಸಬ್‌ನ ಜೋರು ಹೇಳುವ ಗೇನ್ ಅರ್ಧಕ್ಕೆ. ಉಳಿದ ಸ್ಪೀಕರ್‌ಗಳ ಜೊತೆ ಸಬ್‌ನ ತಾಳ ಸೇರಿಸುವ ಫೇಸ್ 0 ಡಿಗ್ರಿಯಲ್ಲಿಟ್ಟು ಕೇಳಿ, 180ರಲ್ಲಿಟ್ಟು ಕೇಳಿ, ಕೂತ ಜಾಗದಲ್ಲಿ ಯಾವುದರಲ್ಲಿ ಬಾಸ್ ತುಂಬಿ ಬರುತ್ತದೋ ಅದನ್ನು ಉಳಿಸಿ. ಮೆಲ್ಲಗೆ ಕೇಳುವಾಗ ಸಬ್ ನಿದ್ದೆಯಿಂದ ಏಳುತ್ತಿಲ್ಲವಾದರೆ ಅದು ಆಟೊ ಸ್ಟ್ಯಾಂಡ್‌ಬೈನ ಕಾಟ. ಸಬ್‌ನ ಗೇನ್ ಸ್ವಲ್ಪ ಇಳಿಸಿ, ರಿಸೀವರ್‌ನಲ್ಲಿ ಸಬ್ ಲೆವೆಲ್ ಅಷ್ಟೇ ಏರಿಸಿದರೆ ಕೇಬಲ್‌ನಲ್ಲಿ ಸಂಕೇತ ಬಲವಾಗಿ ಎಚ್ಚರವಾಗುತ್ತದೆ.

ಮೈಕ್ ಇಟ್ಟು ತಾನೇ ಅಳತೆ ಮಾಡುವ ವ್ಯವಸ್ಥೆ, ಆಡಿಸ್ಸಿ ಇರಲಿ ವೈಪಿಎಒ ಇರಲಿ, ಮುಗಿದ ಮೇಲೆ ತೋರಿಸುವ ಅಂಕಿಗಳನ್ನು ಒಮ್ಮೆ ಓದಿ. ಸಬ್‌ನ ದೂರ ಟೇಪಿನ ಅಳತೆಗಿಂತ ಹೆಚ್ಚು ಬಂದರೆ ತಿದ್ದಬೇಡಿ, ಸಬ್‌ನ ಒಳಗಿನ ಸರ್ಕ್ಯೂಟ್ ಮಾಡುವ ತಡವನ್ನೂ ಅದು ದೂರವೆಂದೇ ಎಣಿಸಿದೆ. ಸಣ್ಣ ಸ್ಪೀಕರನ್ನು "ಲಾರ್ಜ್" ಎಂದು ಹೇಳಿದ್ದರೆ ಮಾತ್ರ "ಸ್ಮಾಲ್" ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್‌ನಿಂದ ಶುರುಮಾಡಿ. "ಫೇಸ್" ಎಂಬ ಎಚ್ಚರಿಕೆ ಬಂದರೆ ಆ ಸ್ಪೀಕರ್‌ನ ಕೆಂಪು ಕಪ್ಪು ತಂತಿ ಅದಲುಬದಲಾಗಿರಬಹುದು; ತಂತಿ ಸರಿಯಿದ್ದೂ ಬಂದರೆ ಅಲಕ್ಷಿಸಿ ಮುಂದೆ ಹೋಗಿ.

ತುಟಿ, ದನಿ

ಟಿವಿ ಚಿತ್ರವನ್ನು ಸಂಸ್ಕರಿಸಲು ಸಮಯ ತೆಗೆದುಕೊಳ್ಳುವುದರಿಂದ ದನಿ ಮುಂದೆ ಓಡುತ್ತದೆ. ಇದಕ್ಕೆ ಮದ್ದು ಆಡಿಯೊ ಡಿಲೇ ಅಥವಾ ಲಿಪ್ ಸಿಂಕ್, ಮಿಲಿಸೆಕೆಂಡ್ ಲೆಕ್ಕದಲ್ಲಿ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾದಲ್ಲಿ ಒಂದು ಚೌಕಟ್ಟು ಸುಮಾರು 42 ಮಿಲಿಸೆಕೆಂಡ್, ಹಾಗಾಗಿ 40ರಂತೆ ಏರಿಸುತ್ತ ಹೋಗಿ, ಆಮೇಲೆ 10ರಂತೆ ಹದಮಾಡಿ. ದನಿ 45 ಮಿಲಿಸೆಕೆಂಡ್ ಮುಂದಿದ್ದರೇ ಗೊತ್ತಾಗುತ್ತದೆ, ಹಿಂದಿದ್ದರೆ 125ರವರೆಗೆ ಗಮನಕ್ಕೆ ಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ದೂರದಲ್ಲಿ ಬಟ್ಟೆ ಒಗೆಯುವುದು ಮೊದಲು ಕಂಡು ಆಮೇಲೆ ಕೇಳುವುದು ನಮಗೆ ರೂಢಿ ತಾನೇ.

ದನಿಯೇ ತಡವಾಗಿ ಬರುತ್ತಿದ್ದರೆ ಈ ಗುಂಡಿಯಿಂದ ಪ್ರಯೋಜನವಿಲ್ಲ, ಡಿಲೇ ತಡ ಹೆಚ್ಚಿಸಬಲ್ಲದೇ ಹೊರತು ತಗ್ಗಿಸಲಾರದು. ಅದನ್ನು 0 ಮಾಡಿ, ಬ್ಲೂಟೂತ್‌ನಲ್ಲಿ ಜೋಡಿಸಿದ್ದರೆ ಕೇಬಲ್‌ಗೆ ಬನ್ನಿ, ಟಿವಿಯ ಔಟ್‌ಪುಟ್ಟನ್ನು ಪಾಸ್-ಥ್ರೂ ಮಾಡಿ. ಹೋಲಿಕೆಗೆ ಬಂದರೆ, ಡಿಲೇ ಅಂಕಿಯನ್ನು ಕಣ್ಣಿಗೆ ತೋರಿಸಿ ರಿಮೋಟಿನಿಂದಲೇ ಬದಲಿಸಲು ಬಿಡುವ ಬಾರ್ ಮತ್ತು ರಿಸೀವರ್ ಒಂದೇ ಮಟ್ಟ. ದೀಪ ಎರಡು ಸಲ ಮಿನುಗಿದರೆ ಒಂದು ಹೆಜ್ಜೆ ಎನ್ನುವಂಥದ್ದರಲ್ಲಿ ಎಣಿಸುತ್ತ ಕೂರುವುದು ಹಿಂಸೆ.

ರಿಮೋಟ್, ರೇಡಿಯೊ, ಎಚ್ಚರಿಕೆಯ ಮಾತುಗಳು

ಇನ್‌ಪುಟ್ ಬದಲಿಸಲು ಒಂದೇ ಸೋರ್ಸ್ ಗುಂಡಿ ಇರುವ ರಿಮೋಟ್ ನೋಡಲು ಅಚ್ಚುಕಟ್ಟು. ಆರು ಇನ್‌ಪುಟ್ ಇದ್ದರೆ ಪಕ್ಕದ್ದನ್ನು ದಾಟಿಬಿಟ್ಟಾಗ ಮತ್ತೆ ಐದು ಸಲ ಒತ್ತಬೇಕು, ಡಿಸ್‌ಪ್ಲೇ ಕಾಣದಿದ್ದರೆ ಕುರುಡಾಗಿ. ಒಂದೊಂದು ಇನ್‌ಪುಟ್‌ಗೆ ಒಂದೊಂದು ಗುಂಡಿಯಿರುವ ರಿಮೋಟ್ ಗಿಜಿಗಿಜಿ ಎನಿಸಿದರೂ ದಿನಬಳಕೆಗೆ ಅದೇ ಮೇಲು. ಸೌಂಡ್‌ಬಾರ್ ಟಿವಿಯ ಮುಂದೆ ಕೂತು ಅದರ ರಿಮೋಟ್ ಕಣ್ಣನ್ನೇ ಮುಚ್ಚುವುದುಂಟು. ಬಾರ್‌ನ ಎತ್ತರ, ಟಿವಿ ಕಾಲಿನ ಎತ್ತರ ಎರಡನ್ನೂ ಅಳೆದು ಕೊಳ್ಳಿ. ರಿಮೋಟ್ ಕೆಟ್ಟಿದೆಯೋ ಯಂತ್ರ ಕೆಟ್ಟಿದೆಯೋ ತಿಳಿಯಲು ಅದರ ತುದಿಯನ್ನು ಫೋನಿನ ಮುಂದಿನ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿ. ಇನ್‌ಫ್ರಾರೆಡ್ ರಿಮೋಟ್ ಆದರೆ ತೆರೆಯಲ್ಲಿ ಬೆಳಕಿನ ಚುಕ್ಕೆ ಮಿನುಗಬೇಕು. ಬ್ಲೂಟೂತ್ ರಿಮೋಟ್‌ಗೆ ಈ ಪರೀಕ್ಷೆ ನಡೆಯದು.

ರೇಡಿಯೊ ಇರುವ ಸಿಸ್ಟಮ್‌ನಲ್ಲಿ ಎಎಂ ನಿಲ್ದಾಣಗಳೇ ಸಿಗುತ್ತಿಲ್ಲವಾದರೆ ಹೆಜ್ಜೆಯ ಅಳತೆ ನೋಡಿ: ಅಮೆರಿಕ ಖಂಡಗಳಲ್ಲಿ 10 ಕಿಲೊಹರ್ಟ್ಸ್, ಉಳಿದ ಕಡೆ 9. ಎಫ್‌ಎಂನಲ್ಲಿ ಸ್ಟೀರಿಯೊ ಗುರುತು ಆರಿ ಹತ್ತಿ ಆಗುತ್ತ ಹಿಸ್ಸೆಂದರೆ ಮೋನೊಗೆ ಹಾಕಿ, ಅಥವಾ ಆಂಟೆನಾ ತಂತಿಯ ದಿಕ್ಕು ಬದಲಿಸಿ.

ಎಚ್ಚರಿಕೆಗಳಲ್ಲಿ ಗಂಭೀರವಾದದ್ದು "ಪ್ರೊಟೆಕ್ಟ್". ತಂತಿಯ ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟಿದರೂ ಆಂಪ್ ತನ್ನನ್ನು ಉಳಿಸಿಕೊಳ್ಳಲು ಆರುತ್ತದೆ. ಮತ್ತೆ ಮತ್ತೆ ಆನ್ ಮಾಡಬೇಡಿ. ಪ್ಲಗ್ ಕಿತ್ತು, ಎಲ್ಲ ಸ್ಪೀಕರ್ ತಂತಿ ಬಿಚ್ಚಿ, ತಂತಿಯಿಲ್ಲದೆ ಆನ್ ಮಾಡಿ ನೋಡಿ. ಆಗ ಆರದೆ ಉಳಿದರೆ ತಪ್ಪು ತಂತಿಯಲ್ಲಿ ಅಥವಾ ಸ್ಪೀಕರ್‌ನಲ್ಲಿ, ಆಗಲೂ ಆರಿದರೆ ಒಳಗೆ. "ಡೆಮೊ" ಎಂದು ಕುಣಿಯುತ್ತಿರುವ ಮಿನಿ ಸಿಸ್ಟಮ್‌ಗೆ ಏನೂ ಆಗಿಲ್ಲ, ಅಂಗಡಿಯಲ್ಲಿ ಕಣ್ಸೆಳೆಯಲು ಹಾಕಿದ ಮೋಡ್ ಅದು. ಗುಂಡಿ ಯಾವುದೂ ಕೆಲಸ ಮಾಡದೆ "ಲಾಕ್" ಬಂದರೆ ಮಕ್ಕಳ ಬೀಗ. "ನೋ ಯುಎಸ್‌ಬಿ" ಎಂದರೆ ಪೆನ್‌ಡ್ರೈವ್ ಫ್ಯಾಟ್32 ಅಲ್ಲದಿರಬಹುದು. ಫಾರ್ಮ್ಯಾಟ್ ಮಾಡುವ ಮೊದಲು ಹಾಡುಗಳನ್ನು ಬೇರೆಡೆ ನಕಲಿಸಿ.

ಯಾರಿಗೆ ಯಾವುದು

ಟಿವಿ ಧಾರಾವಾಹಿ, ವಾರ್ತೆ, ಆಗೊಂದು ಈಗೊಂದು ಸಿನಿಮಾ, ಒಂದೇ ರಿಮೋಟ್ ಸಾಕು ಎನ್ನುವವರಿಗೆ ಎಚ್‌ಡಿಎಂಐ ಆರ್ಕ್ ಇರುವ, ಮುಂಭಾಗದಲ್ಲಿ ಅಕ್ಷರ ತೋರಿಸುವ ಬಾರ್. ಅದೇ ದರ್ಜೆಯಲ್ಲಿ ದೀಪದ ಬಾರ್ ಎಷ್ಟು ಚೆಂದ ಕಂಡರೂ ನಾವು ಅಕ್ಷರದ್ದನ್ನೇ ಆರಿಸುತ್ತೇವೆ. ಬ್ಲೂ-ರೇ, ಗೇಮ್ ಕನ್ಸೋಲ್, ಸೆಟ್-ಟಾಪ್ ಬಾಕ್ಸ್ ಹೀಗೆ ಮೂರಕ್ಕಿಂತ ಹೆಚ್ಚು ಸಾಮಾನು ಇರುವವರಿಗೆ ರಿಸೀವರ್. ಮೊದಲ ವಾರ ಮೆನು ಕಾಡು ಹೊಕ್ಕಂತಿರುತ್ತದೆ. ಒಮ್ಮೆ ಇನ್‌ಪುಟ್ ಹೆಸರು ಬದಲಿಸಿ ಬೇಡದವನ್ನು ಮುಚ್ಚಿಟ್ಟರೆ ಮನೆಯವರಿಗೆಲ್ಲ ಒಗ್ಗುತ್ತದೆ. ಹಾಡಷ್ಟೇ ಬೇಕಾದವರಿಗೆ ನಾಬ್‌ಗಳ ಸ್ಟೀರಿಯೊ ಆಂಪ್.

ಡಿಸ್‌ಪ್ಲೇಯ ಜಾತಿಯ ಬಗ್ಗೆ ಇಷ್ಟು ಸಾಕು: ಹಸಿರು ನೀಲಿ ಹೊಳಪಿನ ವಿಎಫ್‌ಡಿ ಕತ್ತಲಲ್ಲೂ ಓರೆಯಿಂದಲೂ ಚೆನ್ನಾಗಿ ಓದಲು ಬರುತ್ತದೆ, ವರ್ಷಗಳಾದಂತೆ ಮಂಕಾಗುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಸದಾ ಉರಿಯುವ ವಾಲ್ಯೂಮ್ ಅಂಕಿಯನ್ನೂ ಅಪರೂಪಕ್ಕೆ ಉರಿಯುವ ಗುರುತುಗಳನ್ನೂ ಹೋಲಿಸಿ ನೋಡಿದರೆ ಯಂತ್ರದ ವಯಸ್ಸು ಗೊತ್ತಾಗುತ್ತದೆ. ಎಲ್‌ಸಿಡಿ ಓರೆಯಿಂದ ಮಸುಕು.

ಕೊಳ್ಳುವ ಜಾಗದಲ್ಲಿ ಹತ್ತು ನಿಮಿಷ ಸಿಕ್ಕರೆ ಹೀಗೆ ಮಾಡಿ. ಮೂರು ಮೀಟರ್ ದೂರ ನಿಂತು ವಾಲ್ಯೂಮ್ ಅಂಕಿ ಓದಿ. 5.1 ಇರುವ ಏನಾದರೊಂದನ್ನು ಹಾಕಿಸಿ ಫಾರ್ಮ್ಯಾಟ್ ಹೆಸರು ತೋರಿಸಲು ಹೇಳಿ. ಮಾರುವವರಿಗೇ ಗುಂಡಿ ಸಿಗದಿದ್ದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಿರಿ. ಮಾತಿನ ಮಟ್ಟವನ್ನು ಮಾತ್ರ ಏರಿಸಿ, ಎಷ್ಟು ಗುಂಡಿ ಒತ್ತಬೇಕಾಯಿತೆಂದು ಎಣಿಸಿ, ಮೂರಕ್ಕಿಂತ ಹೆಚ್ಚಾದರೆ ಮನೆಯಲ್ಲಿ ಯಾರೂ ಅದನ್ನು ಮಾಡುವುದಿಲ್ಲ. ಡಿಮ್ಮರ್ ಒತ್ತಿ ಡಿಸ್‌ಪ್ಲೇ ಪೂರ್ತಿ ಆರುತ್ತದೆಯೇ ನೋಡಿ. ಕೊನೆಗೆ ಪ್ಲಗ್ ಕಿತ್ತು ಹತ್ತು ಸೆಕೆಂಡ್ ಬಿಟ್ಟು ಹಾಕಿ: ಇನ್‌ಪುಟ್, ವಾಲ್ಯೂಮ್, ಡಿಲೇ ಇದ್ದಲ್ಲೇ ಇದ್ದರೆ ಸರಿ, ಪ್ರತಿ ಸಲ ಕರೆಂಟ್ ಹೋದಾಗಲೂ ಬ್ಲೂಟೂತ್‌ಗೆ ಹಾರುವಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.